ಬಾಲಿಯಲ್ಲಿ ನಾನು ಮಾಮನ ಬಾಯಾಗಿದ್ದ ದಿನ

ಗಂಡ ಹೆಂಡತಿ ಮಾತು ಬಿಟ್ಟರೆ ನಮ್ಮ ಕಡೆ ಮನೆಯಲ್ಲಿ ಮಾತು ಕಡಿಮೆಯಾಗುವುದಿಲ್ಲ, ದುಪ್ಪಟ್ಟಾಗುತ್ತದೆ. ಯಾಕೆಂದರೆ ಪ್ರತಿ ಮಾತನ್ನೂ ಎರಡು ಸಲ ಆಡಬೇಕು. ಹೆಂಡತಿ ಮೂರನೆಯವರಿಗೆ ಹೇಳಬೇಕು, ಮೂರನೆಯವರು ಗಂಡನಿಗೆ ಹೇಳಬೇಕು. ಗಂಡ ಅಲ್ಲೇ ಮೊಳ ದೂರದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿರುತ್ತಾನೆ. ಆದರೂ ಮೂರನೆಯವರ ಬಾಯಿಂದ ಬರುವ ತನಕ ಏನೂ ಕೇಳಿಸಿಲ್ಲ ಎಂಬಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತಿರಬೇಕು. ಮನೆಯಲ್ಲಿ ಮೂರನೆಯವರು ಯಾರೂ ಇಲ್ಲದಿದ್ದರೆ ಎಮ್ಮೆಗೆ ಹೇಳಿದರೂ ನಡೆಯುತ್ತದೆ. ನಾನು ಹುಟ್ಟಿದ್ದೇ ಆ ಎಮ್ಮೆಯ ಕೆಲಸಕ್ಕೆ ಎಂದು ನನಗೆ ಗೊತ್ತಾಗಿದ್ದು ಬಾಲಿ ದ್ವೀಪದಲ್ಲಿ.

ನನ್ನ ಸೋದರಮಾವನಿಗೆ ಸಿರುಗುಪ್ಪದಲ್ಲಿ ಬೀಜ, ಗೊಬ್ಬರ, ಔಷಧಿಯ ಅಂಗಡಿ. ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಔಷಧಿ ಕಂಪನಿಯೊಂದು ಜೋಡಿಯಾಗಿ ಬಾಲಿಗೆ ಕರೆದೊಯ್ಯುವುದಾಗಿ ಹೇಳಿತು. ಜೊತೆಗೆ ಬರುವವರ ಹೆಸರು ಬರೆಯಲು ಒಂದು ಫಾರ್ಮು ಬಂತು. ಮಾಮ ಅದರಲ್ಲಿ ಅತ್ತೆಯ ಹೆಸರು ಬರೆಯಲಿಲ್ಲ, ತನ್ನ ಗೆಳೆಯನೊಬ್ಬನ ಹೆಸರು ಬರೆದ. ಗೆಳೆಯನ ಪಾಸ್‌ಪೋರ್ಟ್ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕಂಪನಿಯವನು ಮನೆಗೆ ಫೋನ್ ಮಾಡಿದಾಗ ಎತ್ತಿದ್ದು ಅತ್ತೆ. "ಆ ಸರ್‌ದು ಕ್ಯಾನ್ಸಲ್ ಆತ್ರಿ ಮೇಡಂ, ಅವರ ಬದಲಿಗೆ ನಿಮ್ಮ ಪಾಸ್‌ಪೋರ್ಟ್ ಕಳಿಸ್ರಿ" ಎಂದು ಅವನು ಒಂದೇ ಉಸಿರಿಗೆ ಹೇಳಿಬಿಟ್ಟ.

ಅತ್ತೆಯ ಪಾಸ್‌ಪೋರ್ಟ್ ಹಿಂದಿನ ವರ್ಷವೇ ತಯಾರಾಗಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಕಾಯುತ್ತ ಕೂತಿತ್ತು. ಅದನ್ನು ತೆಗೆದು ಮಾಮನ ಮುಂದೆ ಇಟ್ಟಳು. ಅಂದಿನಿಂದ ಮಾತು ಬಂದ್. ಟೂರಿಗೆ ಬರಲು ಒಪ್ಪಿದಳು, ಪುಕ್ಕಟೆ ವಿಮಾನ ಕೈಬಿಡುವಷ್ಟು ಹುಚ್ಚಿ ಅವಳಲ್ಲ. ಆದರೆ ವಾಪಸು ಬಂದ ಮೇಲೆ ನೇರ ತನ್ನ ತವರು ಕುರುಗೋಡಿಗೆ ಹೋಗುವುದಾಗಿಯೂ ಸಿರುಗುಪ್ಪದ ಹೊಸ್ತಿಲು ತುಳಿಯುವುದಿಲ್ಲವೆಂದೂ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅತ್ತೆ ಇಂಥದ್ದನ್ನು ಸುಮ್ಮನೆ ಹೇಳುವವಳಲ್ಲ. ಒಮ್ಮೆ ಚಹಾ ಬಿಡುತ್ತೇನೆ ಎಂದವಳು ಹನ್ನೊಂದು ವರ್ಷವಾಯಿತು, ಮುಟ್ಟಿಲ್ಲ.

ನನ್ನ ಅವ್ವ ಮಾಮನಿಗೆ ಅಕ್ಕ. ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯಲ್ಲಿ ಕೂತು ಈ ಸುದ್ದಿ ಕೇಳಿದವಳೇ, ಕಂಪನಿಗೆ ಬೇರೆ ದುಡ್ಡು ಕಟ್ಟಿ ನನ್ನನ್ನೂ ಟೂರಿಗೆ ಸೇರಿಸಿದಳು.

"ಇಂಗ್ಲಿಷ್ ಮಾತಾಡಾಕ ಬಂದೀನಿ ಅಂತ ಹೇಳು. ಖರೇ ಕೆಲಸ ಅವರಿಬ್ಬರ್ನ ಮಾತಾಡ್ಸೋದು. ಮಾತಾಡಿಸಿದ್ರ ಬಾ, ಇಲ್ಲಾಂದ್ರ ಅಲ್ಲೇ ಮಂಗ್ಯಾಗಳ ಜೋಡಿ ಇರು."

ನನ್ನ ಇಂಗ್ಲಿಷಿನ ಬಗ್ಗೆ ಅವ್ವನಿಗೆ ಇರುವ ನಂಬಿಕೆ ನನಗೇ ಇಲ್ಲ. ಕೌಲ್ ಬಜಾರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ನನಗೆ ಬರುವ ಇಂಗ್ಲಿಷೆಲ್ಲ ಮೊಬೈಲಿನ ಹೊಟ್ಟೆಯೊಳಗಿನದು. ಇನ್ನೊಂದು ವಿದ್ಯೆ ಮಾತ್ರ ನನಗೆ ದೇವರು ಪುಕ್ಕಟೆ ಕೊಟ್ಟಿದ್ದಾನೆ. ಯಾರ ದನಿಯಾದರೂ ಸರಿ, ಎರಡು ನಿಮಿಷ ಕೇಳಿದರೆ ಸಾಕು, ನನ್ನ ಗಂಟಲಿಗೆ ಇಳಿಯುತ್ತದೆ. ಮದುವೆ ಆರ್ಕೆಸ್ಟ್ರಾಗಳಲ್ಲಿ ಹಾಡಿನ ನಡುವೆ ನನ್ನನ್ನು ನಿಲ್ಲಿಸುತ್ತಾರೆ. ಮಿಕ್ಸರ್, ಪ್ಯಾಸೆಂಜರ್ ರೈಲು, ಬೀಗರು ಊಟಕ್ಕೆ ಮುನಿಸಿಕೊಳ್ಳುವುದು, ಎಲ್ಲ ಮಾಡುತ್ತೇನೆ. ನನ್ನದೇ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚನೆ ಮಾಡಬೇಕಾಗುತ್ತದೆ.

ಬಾಲಿಯಲ್ಲಿ ಮೂರನೆಯ ದಿನ ಕಂಪನಿಯವರ ಕಾರ್ಯಕ್ರಮ ಏನೂ ಇರಲಿಲ್ಲ. ಉಳಿದ ಡೀಲರುಗಳು ಮಸಾಜು, ಶಾಪಿಂಗು ಎಂದು ಚದುರಿದರು. ನಾನು ಮೊದಲೇ ಒಂದು ಪ್ರೈವೇಟ್ ಟೂರ್ ಗೊತ್ತು ಮಾಡಿಟ್ಟಿದ್ದೆ. ನಮಗಷ್ಟೇ ಒಂದು ಗಾಡಿ, ನಮಗಷ್ಟೇ ಒಬ್ಬ ಗೈಡ್. ಬೆಳಗಿನಿಂದ ಸಂಜೆ ತನಕ ದ್ವೀಪದಲ್ಲಿ ನೋಡಲೇಬೇಕಾದ ಜಾಗಗಳನ್ನೆಲ್ಲ ತೋರಿಸುತ್ತಾನೆ. ಇಬ್ಬರನ್ನೂ ಒಂದು ಗಾಡಿಗೆ ಹಾಕಿ ಬಾಗಿಲು ಮುಚ್ಚಿದರೆ ಎಷ್ಟು ಹೊತ್ತು ಸುಮ್ಮನಿದ್ದಾರು ಎಂಬುದು ನನ್ನ ಅಂದಾಜು.

ಗೈಡೇ ಡ್ರೈವರ್. ತಲೆಗೆ ಬಿಳಿ ವಸ್ತ್ರ ಕಟ್ಟಿ, ಕಿವಿಯ ಮೇಲೆ ಒಂದು ಹೂ ಸಿಕ್ಕಿಸಿಕೊಂಡು ಬಂದಿದ್ದ. ಕೈ ಮುಗಿದು, ಬೆನ್ನು ಬಾಗಿಸಿ, ರಾಗವಾಗಿ "ಗುಡ್ ಮಾರ್ನಿಂಗ್, ಫ್ಯಾಮಿಲಿ" ಎಂದ. ಆ ರಾಗ ನನಗೆ ತಕ್ಷಣ ಹತ್ತಿತು. ಮಾಮ ಮುಂದಿನ ಸೀಟಿನಲ್ಲಿ, ಅತ್ತೆ ಕಟ್ಟಕಡೆಯ ಸೀಟಿನಲ್ಲಿ. ನಡುವಿನ ಸಾಲಿನಲ್ಲಿ ನಾನೊಬ್ಬನೇ, ಎರಡೂ ದಂಡೆಗೆ ಓಡಾಡುವ ತೆಪ್ಪದ ಹಾಗೆ.

ಮಾಮನಿಗೆ ಖಾಲಿ ಸೀಟು ಕಂಡರೆ ಆಗುವುದಿಲ್ಲ. ಸಿರುಗುಪ್ಪದಿಂದ ಬಳ್ಳಾರಿಗೆ ಕಾರು ತಂದರೂ ದಾರಿಯಲ್ಲಿ ನಿಂತವರನ್ನೆಲ್ಲ ಹತ್ತಿಸಿಕೊಂಡೇ ಬರುತ್ತಾನೆ. ಹೋಟೆಲ್ ಬಾಗಿಲಲ್ಲಿ ನಿಂತಿದ್ದ ರಾಯಚೂರಿನ ಡೀಲರ್ ಗಂಡಹೆಂಡತಿಯನ್ನು ಕಂಡು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಬರ್ರಿ ಬರ್ರಿ! ಹಿಂದ ಬೇಕಾದಷ್ಟು ಜಾಗ ಐತಿ!"

ಗೈಡ್ ಗಾಬರಿಯಿಂದ "ಪ್ರೈವೇಟ್, ಸರ್" ಎಂದ.

"ಪ್ರೈವೇಟ್ ಅಂದ್ರ ಏನಲೇ ಅಳಿಯ? ಖಾಲಿ ಗಾಡಿ ಓಡ್ಸೋದೇನು?"

ಹಿಂದಿನ ಸೀಟಿನಿಂದ ಅತ್ತೆ, ಹೊರಗೆ ತೆಂಗಿನ ಮರ ನೋಡುತ್ತಲೇ, ನನಗೆ ಹೇಳಿದಳು. "ನಿಮ್ಮ ಮಾಮಗ ಹೇಳು. ಖಾಲಿ ಸೀಟಿಗೆ ಮಂದಿ ತುಂಬೋದು ಅವರಿಗೆ ರೂಢಿ ಐತಿ. ನನ್ನೂ ಹಂಗ ತುಂಬ್ಕೊಂಡು ಬಂದಾರ."

ನಾನು ಮುಂದೆ ಬಗ್ಗಿ ಅದನ್ನು ಅತ್ತೆಯ ದನಿಯಲ್ಲೇ ಹೇಳಿದೆ. "ಮಾಮ" ಎಂಬಲ್ಲಿ ಅವಳು ಮೂಗಿನಿಂದ ಬಿಡುವ ಆ ಸಣ್ಣ ಗಾಳಿಯನ್ನೂ ಸೇರಿಸಿದೆ. ಗೈಡ್ ಬೆಚ್ಚಿ ಕನ್ನಡಿ ನೋಡಿದ. ಗಾಡಿಗೆ ಎರಡನೆಯ ಹೆಂಗಸು ಯಾವಾಗ ಹತ್ತಿದಳು ಎಂದು ಅವನಿಗೆ ಅನುಮಾನ ಬಂದಿರಬೇಕು.

ರಾಯಚೂರಿನವರು ಹತ್ತಲಿಲ್ಲ, ಕೈ ಬೀಸಿ ಅಲ್ಲೇ ಉಳಿದರು. ಮೊದಲು ನೀರಿನ ಬುಗ್ಗೆಯ ಗುಡಿಗೆ ಹೋದೆವು. ಅಲ್ಲಿ ಗಂಡಸರು ಪ್ಯಾಂಟಿನ ಮೇಲೆ ಒಂದು ವಸ್ತ್ರ ಸುತ್ತಿಕೊಳ್ಳಲೇಬೇಕು. ಗೈಡ್ ಸುತ್ತಲು ಬಂದರೆ ಮಾಮ ಅವನ ಕೈ ಸರಿಸಿ, ತಾನೇ ಲುಂಗಿಯ ಹಾಗೆ ಸುತ್ತಿ, ಎರಡು ಹೆಜ್ಜೆ ನಡೆದು, ರೂಢಿಯಂತೆ ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿಬಿಟ್ಟ. ಗೈಡ್ ಓಡಿ ಬಂದು ಕೆಳಗಿಳಿಸಿದ. ಮತ್ತೆ ಹತ್ತು ಹೆಜ್ಜೆಗೆ ಅದು ತಾನಾಗಿ ಮೇಲೇರಿತ್ತು. ಗುಡಿ ಸುತ್ತಿ ಮುಗಿಯುವ ತನಕ ಒಬ್ಬ ಏರಿಸುವುದು, ಇನ್ನೊಬ್ಬ ಇಳಿಸುವುದು ನಡೆದೇ ಇತ್ತು.

ಗೈಡ್ ಗುಡಿಯ ಚರಿತ್ರೆ ಹೇಳಿದ. ಬಹಳ ಹೊತ್ತು ಹೇಳಿದ. ನನಗೆ ತಿಳಿದದ್ದು ರಾಜ, ವಿಷ, ನೀರು, ಈ ಮೂರು. ಮಿಕ್ಕಿದ್ದನ್ನು ಅವನದೇ ರಾಗದಲ್ಲಿ ಕನ್ನಡದಲ್ಲಿ ಕಟ್ಟಿದೆ. ಒಬ್ಬ ರಾಜ ಇದ್ದ, ಹೆಂಡತಿ ಜೊತೆ ಮಾತು ಬಿಟ್ಟಿದ್ದ, ಅವನ ಮಾತೆಲ್ಲ ಹೊಟ್ಟೆಯೊಳಗೆ ವಿಷವಾಯಿತು, ಕಡೆಗೆ ಈ ನೀರು ಕುಡಿದು ಮಾತಾಡಿದ ಎಂದೆ. ಅತ್ತೆ ಗಂಭೀರವಾಗಿ ಕೇಳಿದಳು.

"ಹೆಂಡ್ತಿ ತಪ್ಪೇನಿತ್ತಂತ?"

"ಏನೂ ಇರಲಿಲ್ಲಂತ, ಅತ್ತಿ."

"ಹಂಗಾರ ಗೈಡ್ ಚೊಲೋ ಓದಿಕೊಂಡಾನ."

ಮಾಮ ನನ್ನತ್ತ ನೋಡಿದ ನೋಟದಲ್ಲಿ ಸುಮಾರು ನಾಲ್ಕು ಬೈಗುಳ ಇದ್ದವು. ಆದರೆ ಬೈಯಲಿಲ್ಲ. ಆಗ ನನಗೆ ಒಂದು ವಿಷಯ ಹೊಳೆಯಿತು. ಹೊಳೆದ ಕೂಡಲೇ ಮೈಯೆಲ್ಲ ಕಚಗುಳಿ ಇಟ್ಟಂತಾಯಿತು. ನಾನು ಮಾಮನ ಹೆಸರಿನಲ್ಲಿ ಏನು ಬೇಕಾದರೂ ಹೇಳಬಹುದು. ಅದು ಸುಳ್ಳು ಎಂದು ಅವನು ಹೇಳಬೇಕಾದರೆ ಅತ್ತೆಗೆ ನೇರ ಹೇಳಬೇಕು. ನೇರ ಹೇಳಿದರೆ ಮಾತಾಡಿದಂತಾಯಿತು, ಅವನು ಸೋತಂತಾಯಿತು! ಅಂದರೆ ಆ ದಿನದ ಮಟ್ಟಿಗೆ ಮಾಮನ ಬಾಯಿಗೆ ನಾನೇ ಮಾಲೀಕ.

ಗುಡಿಯ ಹೊರಗೆ ಒಂದು ಕಟ್ಟೆಯ ಮೇಲೆ ಅತ್ತೆ ಬುತ್ತಿ ಬಿಚ್ಚಿದಳು. ಗರಿಗರಿಯಾಗಿ ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಚಟ್ನಿ, ಕುರುಗೋಡಿನಿಂದ ಅವಳ ಅವ್ವ ಕಳಿಸಿದ್ದ ಗುರೆಳ್ಳು ಪುಡಿ. ಮೊದಲ ರೊಟ್ಟಿ ಗೈಡಿಗೆ, ಎರಡನೆಯದು ನನಗೆ, ಮೂರನೆಯದು ತನಗೆ. ಡಬ್ಬಿ ಮುಚ್ಚಿದಳು. ಗೈಡ್ ರೊಟ್ಟಿಯನ್ನು ತಟ್ಟೆ ಎಂದು ತಿಳಿದು, ಮೇಲಿನ ಚಟ್ನಿಯನ್ನಷ್ಟೇ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, ರೊಟ್ಟಿಯನ್ನು ಎರಡೂ ಕೈಯಿಂದ ಮರ್ಯಾದೆಯಾಗಿ ವಾಪಸು ಕೊಟ್ಟ.

ನಾನು ಎದೆ ಉಬ್ಬಿಸಿ, ಮಾಮನ ಹಾಗೆ ಗಂಟಲು ಕೆರೆದು, ಅತ್ತೆಯ ಕಡೆ ತಿರುಗಿದೆ. "ಕೇಳಿಲ್ಲಿ. ಇಲ್ಲಿ ಮೂರು ದಿನದಿಂದ ಹುಲ್ಲಿನಂಥಾದ್ದು ತಿಂದು ನಾಲಿಗಿ ಸತ್ತೈತಿ. ನಿನ್ನ ಕೈ ರೊಟ್ಟಿ ಇಲ್ದ ನನ್ನ ಕತಿ ಮುಗೀತು ನೋಡು."

ಮಾಮನ ದನಿ ಹೇಗೆ ಬಂದಿತ್ತೆಂದರೆ, ಮಾಮನೇ ತನ್ನ ಬಾಯಿ ಮುಟ್ಟಿ ನೋಡಿಕೊಂಡ. ಅತ್ತೆಯ ತುಟಿಯ ತುದಿ ಅಲುಗಿತು. ಡಬ್ಬಿ ತೆರೆದು ಎರಡು ರೊಟ್ಟಿ ತೆಗೆದು ನನ್ನ ಕೈಗೆ ಇಟ್ಟಳು. "ಮಾತಾಡಿದ ಬಾಯಿಗೆ ಕೊಡು" ಎಂದಳು.

"ಮಾತಾಡಿದ್ದು ನನ್ನ ಬಾಯಿ, ಅತ್ತಿ."

"ಹಂಗಾರ ನೀನ ತಿನ್ನು."

ಮಾಮ ಕೈ ಚಾಚಿ ರೊಟ್ಟಿ ಕಸಿದುಕೊಂಡ. ಕದ್ದ ಹುಡುಗನ ಹಾಗೆ ಬೆನ್ನು ತಿರುಗಿಸಿ ಕುರುಂಕುರುಂ ತಿಂದ. ಆ ಶಬ್ದವನ್ನೂ ನಾನು ಅನುಕರಿಸಿದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಅವ್ವನಿಗೆ ಮನಸ್ಸಿನಲ್ಲೇ ಮೆಸೇಜ್ ಕಳಿಸಿದೆ. ಕೆಲಸ ಅರ್ಧ ಆಯಿತು.

ಮುಂದೆ ಕಾಫಿ ತೋಟ. ಉದ್ದ ಹಲಗೆಯ ಮೇಲೆ ಬೆರಳುದ್ದದ ಲೋಟಗಳಲ್ಲಿ ಹತ್ತಾರು ನಮೂನೆ ಕಾಫಿ ತಂದಿಟ್ಟರು. ಕಡೆಯ ಲೋಟವನ್ನು ತೋರಿಸಿ ಗೈಡ್ ಏನೋ ವಿವರಿಸುತ್ತಿದ್ದ. ಅವನ ವಿವರ ಮುಗಿಯುವಷ್ಟರಲ್ಲಿ ಮಾಮ ಅದನ್ನು ಗಂಟಲಿಗೆ ಸುರಿದುಕೊಂಡು "ಫಸ್ಟ್ ಕ್ಲಾಸ್" ಎಂದಿದ್ದ. ಒಂದು ಜಾತಿಯ ಕಾಡುಬೆಕ್ಕು ಕಾಫಿ ಹಣ್ಣು ನುಂಗಿ, ಬೀಜವನ್ನು ಹಿಂದಿನಿಂದ ಹಾಕುತ್ತದೆ, ಅದನ್ನು ತೊಳೆದು ಹುರಿದು ಮಾಡಿದ ಕಾಫಿ ಅದು. ಇಷ್ಟು ಇಂಗ್ಲಿಷ್ ನನಗೆ ತಿಳಿಯಿತು, ಯಾಕೆಂದರೆ ಗೈಡ್ ಕೈಸನ್ನೆಯನ್ನೂ ಮಾಡಿದ್ದ. ಅತ್ತೆಗೆ ಹೇಳಿದೆ.

"ನಿಮ್ಮ ಮಾಮನ್ನ ಕೇಳು," ಎಂದಳು ಅತ್ತೆ, ನಗು ತಡೆಯಲಾಗದೆ, "ಇನ್ನೊಂದು ಲೋಟ ಹೇಳಬೇಕೇನಂತ."

ಅವಳು ಅಷ್ಟು ನಕ್ಕಿದ್ದನ್ನು ನೋಡಿ ನನ್ನ ತಲೆಗೆ ಏರಿತು. ಸ್ಟೇಜಿನ ಮೇಲೆ ಜನ ನಗಲು ಶುರು ಮಾಡಿದರೆ ಇಳಿಯಲಾಗದ ರೋಗ ನನಗೆ ಮೊದಲೇ ಇದೆ. ಎದ್ದು ನಿಂತೆ. ಮಾಮನ ಹೊಟ್ಟೆ, ಮಾಮನ ಭುಜ, ಮಾಮನ ದನಿ.

"ಕೇಳಿಲ್ಲಿ. ಆ ಫಾರ್ಮಿನ್ಯಾಗ ನಾ ಮಾಡಿದ್ದು ತಪ್ಪಾತು. ನಿನ್ನ ಹೆಸರು ಬರೀಬೇಕಿತ್ತು. ಸಾರಿ. ಸಿರುಗುಪ್ಪಕ್ಕ ಬಾ."

ಅತ್ತೆಯ ನಗು ನಿಂತಿತು. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಎಷ್ಟೋ ದಿನಗಳ ಮೇಲೆ ಮೊದಲ ಸಲ ನನ್ನನ್ನು ದಾಟಿ ಮಾಮನ ಮುಖ ನೋಡಿದಳು. ಅದು ಸುಳ್ಳೋ ನಿಜವೋ ಎಂದು ಹುಡುಕುವ ನೋಟ. ಮಾಮ ಒಂದು ಸಲ ಹೌದೆಂದು ಗೋಣು ಹಾಕಿದ್ದರೆ ಸಾಕಿತ್ತು. ಅವನ ಕಿವಿ ಕೆಂಪಾಯಿತು. ಆಮೇಲೆ, ನಾನು ಕನಸಿನಲ್ಲೂ ಎಣಿಸದ ಕೆಲಸ ಮಾಡಿದ. ನನ್ನನ್ನು ಬಿಟ್ಟು ಗೈಡಿನ ಕಡೆ ತಿರುಗಿದ.

"ಗೈಡ್! ಯೂ ಟೆಲ್ ಮೇಡಂ. ಐ ನೋ ಸಾರಿ. ದಿಸ್ ಬಾಯ್ ಸಾರಿ."

ಗೈಡ್, ಕೊಟ್ಟ ಕೆಲಸವನ್ನು ಶ್ರದ್ಧೆಯಿಂದ ಮಾಡುವ ಮನುಷ್ಯ. ಅತ್ತೆಯ ಮುಂದೆ ಹೋಗಿ, ಕೈ ಮುಗಿದು, ಬಾಗಿ, ಬೆಳಗಿನ ಅದೇ ರಾಗದಲ್ಲಿ ಹೇಳಿದ. "ಮೇಡಂ, ಸರ್ ನೋ ಸಾರಿ."

ಅತ್ತೆ ನನ್ನನ್ನು ಕೇಳಿದಳು. "ಏನಂದ್ನಲೇ?"

"ಮುಂದ ಜೋಕಾಲಿ ಐತಂತ, ಅತ್ತಿ. ಲಗೂನ ನಡೀರಿ ಅಂದ."

"ಸಾರಿ ಅನ್ನೋದು, ನೋ ಅನ್ನೋದು, ಎರಡೂ ನನಗ ಬರ್ತಾವಲೇ. ಕುರುಗೋಡಾಗೂ ಸಾಲಿ ಐತಿ."

ಸೆರಗು ಕೊಡವಿಕೊಂಡು ಎದ್ದಳು. "ಇನ್ನ ಮ್ಯಾಲ ಯಾರಿಗೂ ಏನೂ ಹೇಳಬ್ಯಾಡ. ನಾನೂ ಏನೂ ಹೇಳಂಗಿಲ್ಲ" ಎಂದು ಗಾಡಿಗೆ ಹೋಗಿ ಕೂತಳು. ಮೂರನೆಯವರ ಮೂಲಕ ಆಡುವ ಮಾತೂ ನಿಂತರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಗೊತ್ತು. ಆಮೇಲೆ ಹಿರಿಯರು ಕೂಡಿ ಪಂಚಾಯಿತಿ ಮಾಡಬೇಕಾಗುತ್ತದೆ. ನಾನು ಇಬ್ಬರನ್ನು ಸೇರಿಸಲು ಬಂದು, ಇದ್ದ ಒಂದು ಎಳೆಯನ್ನೂ ಹರಿದು ಹಾಕಿದ್ದೆ.

ಗಾಡಿ ಹೊರಟಿತು. ಗೈಡ್ ಕನ್ನಡಿಯಲ್ಲಿ ನಮ್ಮನ್ನು ನೋಡಿ ಹಾಡು ಹಾಕಿದ, ಮತ್ತೆ ನೋಡಿ ಬಂದ್ ಮಾಡಿದ.

ಗುಡ್ಡದ ಇಳಿಜಾರಿನ ಉದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಮಡಿಗಳು ಇರುವ ಜಾಗಕ್ಕೆ ಬಂದೆವು. ದೇಶದೇಶದ ಜನ ಬಂದು ಭತ್ತದ ಮುಂದೆ ನಿಂತು ಫೋಟೊ ಹೊಡೆಸಿಕೊಳ್ಳುತ್ತಿದ್ದರು. ಸಿರುಗುಪ್ಪದಲ್ಲಿ ಕಣ್ಣು ಹಾಯುವಷ್ಟು ದೂರ ಭತ್ತವೇ ಇದೆ, ಒಬ್ಬನೂ ಅದರ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ. ಅತ್ತೆ ನಮ್ಮಿಬ್ಬರನ್ನೂ ಬಿಟ್ಟು, ಮೇಲೆ ಜೋಕಾಲಿ ಇರುವ ಕಡೆ ಗೈಡಿನ ಜೊತೆ ಹೋದಳು. ಮಾಮ ಬದುವಿನ ಮೇಲೆ ಕೂತು ಒಂದು ಗರಿ ಹಿಡಿದು ತಿರುಗಿಸಿ ನೋಡಿದ.

"ಬೆಂಕಿ ರೋಗ ಶುರು ಆಗೈತಿ. ಇವತ್ತ ಔಷಧಿ ಹೊಡಿಬೇಕು."

"ಮಾಮ, ರೋಗ ಅಲ್ಲಿ ಮ್ಯಾಲ ಹೊಂಟೈತಿ, ನೋಡು."

ಅವನು ನಗಲಿಲ್ಲ. "ನಾ ಅನ್ನದ ಮಾತು ನೀ ಯಾಕಂದಿ?"

"ನೀ ಅನ್ನಬೇಕಾಗಿತ್ತಲ್ಲ."

"ಅನ್ನಬೇಕಾಗಿತ್ತು ಖರೆ. ನಾ ಅನ್ನಬೇಕಾಗಿತ್ತು. ಹನ್ನೆರಡು ದಿನದಿಂದ ಹೊಟ್ಯಾಗ ಇಟ್ಕೊಂಡು ಹೆಂಗ ಹೇಳಲಿ ಅಂತ ಒದ್ದಾಡಾಕ ಹತ್ತೀನಿ. ನೀ ಹೊಟ್ಟಿ ಉಬ್ಬಿಸಿ ಹೇಳಿದಿ, ಜೋಕ್ ಆತು. ಇನ್ನ ನಾ ಹೇಳಿದ್ರೂ ನಿನ್ನ ಜೋಕ ಅಂತಾಳ."

"ಅಲ್ಲ ಮಾಮ, ಆಕಿ ಹೆಸರು ಯಾಕ ಬರೀಲಿಲ್ಲ?" ಎಂದೆ.

"ಹೊಳೀಲೇ ಇಲ್ಲಲೇ. ಇಪ್ಪತ್ತಾರು ವರ್ಷ, ಎಲ್ಲಿಗೆ ಹೊಂಟ್ರೂ ನೀವ ಹೋಗಿ ಬರ್ರಿ ಅಂದಾಳ. ಇದಕ್ಕೂ ಹಂಗ ಅಂತಾಳ ಅಂದ್ಕೊಂಡೆ. ಕೇಳಲಿಲ್ಲ. ತಪ್ಪು ಅದ."

ಅಷ್ಟರಲ್ಲಿ ಮೇಲಿನಿಂದ ಸೀಟಿಯ ಸದ್ದು ಕೇಳಿತು. ಒಂದಲ್ಲ, ನಾಲ್ಕೈದು. ಓಡಿದೆವು.

ಎರಡು ಎತ್ತರದ ತೆಂಗಿನ ಮರಗಳಿಗೆ ಕಟ್ಟಿದ ಜೋಕಾಲಿ ಅದು. ಹಿಂದೆ ನೆಲ, ಮುಂದೆ ಕಣಿವೆ. ಹೆಂಗಸರು ನೆಲ ಗುಡಿಸುವಷ್ಟು ಉದ್ದ ಬಾಲದ ಗೌನು ಹಾಕಿಕೊಂಡು, ಸೊಂಟಕ್ಕೆ ಬೆಲ್ಟ್ ಬಿಗಿಸಿಕೊಂಡು, ಹಲಗೆಯ ಮೇಲೆ ಮೆತ್ತಗೆ ಕೂರುತ್ತಾರೆ. ಇಬ್ಬರು ಆಳುಗಳು ನೂಕುತ್ತಾರೆ, ಗೌನಿನ ಬಾಲ ಗಾಳಿಗೆ ಹಾರುತ್ತದೆ, ಒಬ್ಬ ಫೋಟೊ ತೆಗೆಯುತ್ತಾನೆ. ಕೂತು ಕಿರುಚುವುದಷ್ಟೇ ಅಲ್ಲಿನ ಕೆಲಸ. ಆದರೆ ಕುರುಗೋಡಿನಲ್ಲಿ ಹುಟ್ಟಿದ ಹೆಣ್ಣುಮಗಳಿಗೆ ಜೋಕಾಲಿಯ ಮೇಲೆ ಕೂರಲು ಯಾರೂ ಕಲಿಸಿಲ್ಲ. ನಾಗರ ಪಂಚಮಿ ಹಬ್ಬದಲ್ಲಿ ಬೇವಿನ ಮರಕ್ಕೆ ಹಗ್ಗ ಕಟ್ಟಿ, ನಿಂತು ಜೀಕುವುದನ್ನು ಕಲಿಸಿದ್ದಾರೆ.

ಅತ್ತೆ ನಿಂತಿದ್ದಳು. ಸೀರೆಯ ಮೇಲೆ ಕೆಂಪು ಗೌನು, ಕಾಲಲ್ಲಿ ಚಪ್ಪಲಿ ಇಲ್ಲ. ಮೊಣಕಾಲು ಮಡಿಸಿ, ಬಗ್ಗಿ, ಒಮ್ಮೆಲೇ ಎದ್ದು ಒತ್ತಿದಳೆಂದರೆ ಹಲಗೆ ಕಣಿವೆಯ ಮೇಲೆ ಹಾರಿ, ತೆಂಗಿನ ಗರಿಗೆ ಹತ್ತಿರ ಹೋಗಿ ಬರುತ್ತಿತ್ತು. ನೂಕುವ ಆಳುಗಳು ಬದಿಗೆ ಸರಿದು ಬಾಯಿ ತೆರೆದು ನಿಂತಿದ್ದರು. ಜೋಕಾಲಿಯ ಮ್ಯಾನೇಜರ್ ಸೀಟಿ ಊದುತ್ತ "ಸಿಟ್ ಮೇಡಂ, ಸಿಟ್!" ಎನ್ನುತ್ತಿದ್ದ. ಸಾಲಿನಲ್ಲಿ ನಿಂತ ಮಂದಿಯೆಲ್ಲ ಮೊಬೈಲ್ ಎತ್ತಿದ್ದರು. ಗೈಡ್ ತನ್ನ ದೇವರಿಗೆ ಏನೋ ಹೇಳಿಕೊಳ್ಳುತ್ತಿದ್ದ.

ಹೆದರಬೇಕಾದವನು ನಾನು. ಆದರೆ ಕಂಡದ್ದು ಪಂಚಮಿ, ಬಾಯಿಗೆ ಬಂದದ್ದೂ ಪಂಚಮಿಯೇ. ಹೊಸದಾಗಿ ಮದುವೆಯಾದವಳು ಜೋಕಾಲಿ ಏರಿದರೆ ಗಂಡನ ಹೆಸರು ಹೇಳುವ ತನಕ ಇಳಿಯಲು ಬಿಡುವುದಿಲ್ಲ ನಮ್ಮ ಕಡೆಯ ಹೆಂಗಸರು. ನಾನು ಕೈ ಬಾಯಿಗೆ ಇಟ್ಟು ಕೂಗಿದೆ.

"ಹೆಸರು ಹೇಳ್ರಿ ಅತ್ತಿ! ಹೆಸರು ಹೇಳಿದ್ರ ಇಳಸ್ತೀವಿ!"

ಮೇಲಿನಿಂದ ದನಿ ಬಂತು. ಹೋಗುವಾಗ ಅರ್ಧ, ಬರುವಾಗ ಅರ್ಧ.

"ಮೊದಲ ಅವರು ನನ್ನ ಹೆಸರು ಹೇಳ್ಲಿ! ... ಫಾರ್ಮಿನ್ಯಾಗ ಬರೀಲಿಲ್ಲ, ಬಾಯಾಗರ ಹೇಳ್ಲಿ!"

ಮಾಮ ಅತ್ತೆಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. "ಏ", "ಕೇಳಿಲ್ಲಿ", "ಇವಳೇ", ಇಷ್ಟೇ. ಆ ಕಾಲದ ಗಂಡಸರಿಗೆ ಹೆಂಡತಿಯ ಹೆಸರು ರೇಷನ್ ಕಾರ್ಡಿನಲ್ಲಿ ಓದುವುದಕ್ಕೆ ಮಾತ್ರ.

"ಏ! ಏ ಇವಳೇ! ಕುಂದ್ರು!" ಎಂದು ಮಾಮ ಕೂಗಿದ.

"ಯಾರನ್ನೋ ಕರೀತಾರ ನೋಡಲೇ! ನನ್ನಲ್ಲ!" ಹಲಗೆ ಇನ್ನೂ ಎತ್ತರಕ್ಕೆ ಹೋಯಿತು.

ಮಾಮ ನನ್ನ ಅಂಗಿ ಹಿಡಿದು ಅಲುಗಾಡಿಸಿದ. "ಲೇ, ಹೇಳಲೇ ಆಕಿಗೆ! ನನ್ನ ದನಿಯಾಗ ನೀನ ಹೆಸರು ಒದರು! ಆಕಿಗೇನು ಗೊತ್ತಾಗ್ತೈತಿ!"

ಒದರಬಹುದಿತ್ತು. ನನ್ನ ಇಡೀ ಮೈ ಒದರಲು ಹಾತೊರೆಯುತ್ತಿತ್ತು. ಅಷ್ಟು ಮಂದಿ, ಅಷ್ಟು ಮೊಬೈಲು, ಎದುರಿಗೆ ಕಣಿವೆ. ನನ್ನ ಜನ್ಮದಲ್ಲಿ ಅಂಥ ಸ್ಟೇಜು ಮತ್ತೆ ಸಿಗುವುದಿಲ್ಲ. ತುಟಿ ಕಚ್ಚಿ ಹಿಡಿದುಕೊಂಡೆ.

"ಗಂಟಲು ಕೆಟ್ಟೈತಿ ಮಾಮ."

"ಲೇ!"

"ಖರೇನ ಕೆಟ್ಟೈತಿ."

ಮಾಮ ಅಂಗಿ ಬಿಟ್ಟ. ಎರಡು ಹೆಜ್ಜೆ ಮುಂದೆ ಹೋದ. ಆ ಕಡೆ ಈ ಕಡೆ ನೋಡಿದ, ಸಿರುಗುಪ್ಪದವರು ಯಾರಾದರೂ ಇದ್ದಾರೇನೋ ಎಂದು. ಆಮೇಲೆ ಅತ್ತೆಯ ಹೆಸರು ಹೇಳಿದ. ಅಂಗಡಿಯಲ್ಲಿ ಗಿರಾಕಿಯ ಕಿವಿಯಲ್ಲಿ ರೇಟು ಹೇಳುವಷ್ಟು ಸಣ್ಣಗೆ.

"ಕೇಳವಲ್ದು!" ಎಂದಿತು ಮೇಲಿನ ದನಿ.

ಇನ್ನೊಮ್ಮೆ ಹೇಳಿದ. ಮೂರನೆಯ ಸಲ, ಕುತ್ತಿಗೆಯ ನರ ಉಬ್ಬಿ, ಕಣಿವೆಯ ಆಚೆ ದಂಡೆಗೆ ಬಡಿದು ತಿರುಗಿ ಬರುವ ಹಾಗೆ ಒದರಿದ. ಅದೊಂದು ಚಂದದ ಹೆಸರು. ಇಷ್ಟು ವರ್ಷ ನನಗೂ ಅದು ಬರೀ "ಅತ್ತಿ" ಆಗಿತ್ತು. ಸಾಲಿನಲ್ಲಿ ನಿಂತವರು ಇದು ಇಂಡಿಯಾದ ಯಾವುದೋ ಜಯಘೋಷ ಎಂದು ತಿಳಿದರೋ ಏನೋ. ಮೊದಲು ಇಬ್ಬರು, ಆಮೇಲೆ ಹತ್ತು, ಕಡೆಗೆ ಎಲ್ಲರೂ ಚಪ್ಪಾಳೆ ತಟ್ಟುತ್ತ ಅತ್ತೆಯ ಹೆಸರನ್ನು ಕೂಗತೊಡಗಿದರು. ಬಿಳಿಯರು, ಚೀನೀಯರು, ಜೋಕಾಲಿಯ ಆಳುಗಳು, ಸೀಟಿ ಬಾಯಿಂದ ತೆಗೆದ ಮ್ಯಾನೇಜರ್. ಒಬ್ಬೊಬ್ಬರ ನಾಲಗೆಯಲ್ಲೂ ಆ ಹೆಸರು ಒಂದೊಂದು ಥರ ತಿರುಚಿಕೊಂಡಿತ್ತು. ನಾನೊಬ್ಬನೇ ಸುಮ್ಮನೆ ನಿಂತಿದ್ದೆ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಗುತ್ತ.

ಅತ್ತೆ ಹಲಗೆಯ ಮೇಲೆ ಕೂತಳು. ಜೋಕಾಲಿ ನಿಧಾನವಾಗಿ ಇಳಿಯಿತು. ಬೆಲ್ಟ್ ಬಿಚ್ಚಿಸಿಕೊಂಡು, ಗೌನಿನ ಬಾಲವನ್ನು ಮೊಣಕೈಗೆ ಸುತ್ತಿಕೊಂಡು, ನೇರ ಮಾಮನ ಮುಂದೆ ಬಂದು ನಿಂತಳು. ಮುಖ ಕೆಂಪಾಗಿತ್ತು, ಗಾಳಿಗೋ ನಾಚಿಕೆಗೋ ಗೊತ್ತಿಲ್ಲ.

"ಅಷ್ಟು ಜೋರು ಒದರೋದ್ಯಾಕ? ಮಂದಿ ಏನಂದಾರು?"

ನನಗಲ್ಲ, ಗೈಡಿಗಲ್ಲ, ಮಾಮನಿಗೆ.

"ಸಣ್ಣಗ ಹೇಳಿದ್ರ ಕೇಳವಲ್ದು ಅಂದೆಲ್ಲ," ಎಂದ ಮಾಮ. ಇನ್ನೂ ಏನೋ ಹೇಳಿದ. ಅದು ನನಗೆ ಕೇಳಿಸಲಿಲ್ಲ, ತುಟಿ ಅಲುಗಿದ್ದು ಮಾತ್ರ ಕಂಡಿತು. ಎರಡೇ ಶಬ್ದ. ತುಟಿ ಓದುವುದು ನನ್ನ ಕಸುಬಿನ ಭಾಗ, ಆದರೂ ನಾನು ಭತ್ತದ ಕಡೆ ತಿರುಗಿಕೊಂಡೆ.

ಗಾಡಿಯಲ್ಲಿ ನನ್ನನ್ನು ಮುಂದಿನ ಸೀಟಿಗೆ ದಬ್ಬಿದರು. ಹಿಂದೆ ಇಬ್ಬರೂ ಕೂತು, ಹನ್ನೆರಡು ದಿನ ಕೂಡಿಟ್ಟ ಜಗಳವನ್ನು ನೇರವಾಗಿ, ಬಾಯಿಗೆ ಬಾಯಿ ಕೊಟ್ಟು ಆಡಿದರು. ಗೈಡಿಗೆ ಗಾಬರಿ. ಜಗಳವೇ ಎಂದು ಕೇಳಿದ. ವೆರಿ ಗುಡ್ ಜಗಳ ಎಂದೆ.

"ಕುರುಗೋಡಿಗೆ ಹೋಗೋದು ಹೋಗೋದ," ಅತ್ತೆ ಹೇಳುತ್ತಿದ್ದಳು. "ಅವ್ವಗ ಬರ್ತೀನಂತ ಹೇಳೀನಿ."

"ನಾನೂ ಬರ್ತೀನಿ."

"ನೀವ್ಯಾಕ?"

"ನಿನ್ನ ಕರಕೊಂಡು ಬರಾಕ."

"ಊಟ ಮಾಡಿ ಕೈ ಒರಿಸ್ಕೊಂಡು ಓಡಿ ಬರಂಗಿಲ್ಲ ಮತ್ತ. ನಾಕು ದಿನ ಇರಬೇಕು. ನಮ್ಮಣ್ಣ ಏನಂದ್ರೂ ಕೇಳಬೇಕು."

ಮಾಮನ ಉಸಿರು ಮುಂದಿನ ಸೀಟಿನ ತನಕ ಕೇಳಿಸಿತು. ಅತ್ತೆಯ ಅಣ್ಣ ಮಾತಿಗೆ ಕೂತರೆ ಎಷ್ಟು ಹೊತ್ತು ಎಳೆಯುತ್ತಾನೆಂದು ನನಗೂ ಗೊತ್ತು, ಅವನ ದನಿಯೂ ನನ್ನ ಹತ್ತಿರ ಇದೆ.

"ಕೇಳ್ತೀನಿ," ಎಂದ ಮಾಮ.

ನಾನು ಮೊಬೈಲ್ ತೆಗೆದು ಅವ್ವನಿಗೆ ಹಚ್ಚಿದೆ. ಎತ್ತಿದ ಕೂಡಲೇ ಅವಳು ಕೇಳಿದ್ದು ಒಂದೇ. "ಮಾತಾಡಿದ್ರೇನು? ಯಾರು ಮೊದಲ ಮಾತಾಡಿದ್ರು?"

ನಾನು ಗಂಟಲು ಕೆರೆದು, ಹೊಟ್ಟೆ ಮುಂದೆ ಮಾಡಿ, ಮಾಮನ ದನಿಗೆ ಸಿದ್ಧನಾದೆ. "ಅಕ್ಕಾ, ಏನಾತಂದ್ರ..." ಎನ್ನುವಷ್ಟರಲ್ಲಿ ಹಿಂದಿನಿಂದ ಒಂದು ಕೈ ನನ್ನ ಭುಜದ ಮೇಲಿಂದ ಬಂತು.

"ಲೇ, ಕೊಡಲೇ ಫೋನ್ ಇಲ್ಲಿ. ನಮ್ಮಕ್ಕಗ ನಾನ ಹೇಳ್ತೀನಿ."